ಚಿತ್ರಕಾರ ನಟ ಜೆಫ್ರಿ ಹೋಲ್ಡರನು

ಅಬ್ಬೆತುಮಕೂರಿನ ಸುತ್ತಿನ ಹಳ್ಳಿಗಳಲ್ಲಿ ದೊಡ್ಡಾಟವನ್ನು ಕಂಡವರು ಬಣ್ಣವನ್ನೂ ಅಭಿನಯವನ್ನೂ ಬೇರೆಬೇರೆಯೆಂದು ಎಣಿಸಲಾರರು. ಸುರಪುರದ ನಾಯಕರ ಆಶ್ರಯದಲ್ಲಿ ಬೆಳೆದ ಚಿತ್ರಕಲೆಯ ಕೀರ್ತಿಯನ್ನೂ ಇಲ್ಲಿಯವರು ಬಲ್ಲರು. ಆದರೆ ಒಬ್ಬನೇ ಮನುಷ್ಯನು ಕುಂಚವನ್ನೂ ರಂಗಭೂಮಿಯನ್ನೂ ಕಡೆಯವರೆಗೆ ಬಿಡದೆ ನಡೆಸಿದ್ದು ಅಪರೂಪವೇ ಸರಿ. ಅಂಥವನೊಬ್ಬನು ಕೆರಿಬಿಯನ್ ಸಮುದ್ರದ ಟ್ರಿನಿಡಾಡ್ ದ್ವೀಪದಲ್ಲಿ ಹುಟ್ಟಿದ ಜೆಫ್ರಿ ಹೋಲ್ಡರನು.

ಆ ದ್ವೀಪವು ನಮಗೆ ತೀರ ಪರಕೀಯವಲ್ಲ. 1845ರಿಂದ 1917ರವರೆಗೆ ಇಂಡಿಯಾದಿಂದ ಸುಮಾರು 1,40,000 ಜನರು ಕರಾರಿನ ಕೂಲಿಗಳಾಗಿ ಹಡಗೇರಿ ಅಲ್ಲಿಗೆ ಹೋದರು. ಹೆಚ್ಚಿನವರು ಕಲಕತ್ತೆಯಿಂದ, ಕೆಲವರು ಮದ್ರಾಸಿನಿಂದ. ಅವರು ಕಬ್ಬಿನ ತೋಟಗಳಲ್ಲಿ ಬೆವರು ಸುರಿಸಿದರು. ಅವರಿಗೆ ಮೊದಲು ಅದೇ ಹೊಲಗಳಲ್ಲಿ ದುಡಿದವರು ಆಫ್ರಿಕದಿಂದ ಗುಲಾಮರಾಗಿ ತರಲ್ಪಟ್ಟವರು. ಈ ಎರಡು ಜನಾಂಗಗಳು ಬೆರೆತ ನಾಡಿನ ಪೋರ್ಟ್ ಆಫ್ ಸ್ಪೇನ್ ಪಟ್ಟಣದಲ್ಲಿ, 1930ನೆಯ ಇಸವಿ ಆಗಸ್ಟ್ 1ರಂದು, ಹೋಲ್ಡರನ ಜನನ.

ಬಾಲ್ಯದಲ್ಲಿ ಆತನಿಗೆ ಉಗ್ಗು. ಅಣ್ಣ ಬಾಸ್ಕೋನು ಚಿತ್ರಕಾರನೂ ನರ್ತಕನೂ ಆಗಿದ್ದನು. ಹುಡುಗನು ಅವನಿಂದ ಎರಡು ವಿದ್ಯೆಗಳನ್ನೂ ಪಡೆದನು. ಏಳನೆಯ ವಯಸ್ಸಿನಲ್ಲಿಯೇ ಅಣ್ಣನ ನೃತ್ಯಮಂಡಲಿಯಲ್ಲಿ ಹೆಜ್ಜೆ ಹಾಕಿದನು. ಅಣ್ಣನು ಲಂಡನ್ನಿಗೆ ಹೋಗಲು ಮಂಡಲಿಯ ಹೊಣೆಯು ತಮ್ಮನ ಹೆಗಲಿಗೆ ಬಂದಿತು. 1952ರಲ್ಲಿ ಇವರ ನೃತ್ಯವನ್ನು ನೋಡಿದ ಅಮೆರಿಕದ ಆಗ್ನೆಸ್ ಡಿ ಮಿಲ್ಲೆ ಎಂಬ ನೃತ್ಯಸಂಯೋಜಕಿಯು ನ್ಯೂಯಾರ್ಕಿಗೆ ಆಹ್ವಾನಿಸಿದಳು. ಆಹ್ವಾನವೇನೋ ಬಂದಿತು, ಹಡಗಿನ ವೆಚ್ಚಕ್ಕೆ ಹಣವೆಲ್ಲಿ? ಹೋಲ್ಡರನು ತಾನು ಬರೆದ 20 ಚಿತ್ರಗಳನ್ನು ಮಾರಿ ಪ್ರಯಾಣದ ವೆಚ್ಚವನ್ನು ಕೂಡಿಸಿದನು. ಜಗತ್ತು ಮುಂದೆ ಕಂಡ ನಟನು ಆ ಚಿತ್ರಗಳ ಋಣದಲ್ಲಿದ್ದನೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

1954ರ ಡಿಸೆಂಬರಿನಲ್ಲಿ 'ಹೌಸ್ ಆಫ್ ಫ್ಲವರ್ಸ್' ಎಂಬ ಸಂಗೀತನಾಟಕದಲ್ಲಿ ಆತನು ಬ್ರಾಡ್‌ವೇ ರಂಗವನ್ನೇರಿದನು. ಅಲ್ಲಿ ಸಹನರ್ತಕಿಯಾಗಿದ್ದ ಕಾರ್ಮೆನ್ ಡಿ ಲಾವಲ್ಲಾಡಳನ್ನು 1955ರಲ್ಲಿ ವರಿಸಿದನು. ಮರುವರ್ಷ ಗುಗ್ಗನ್‌ಹೈಮ್ ಸಂಸ್ಥೆಯ ವೇತನವು ಆತನಿಗೆ ದೊರೆತುದು ಚಿತ್ರಕಲೆಗಾಗಿ, ನಟನೆಗಾಗಿ ಅಲ್ಲ. 1957ರಲ್ಲಿ ಬೆಕೆಟ್‌ನ 'ವೇಟಿಂಗ್ ಫಾರ್ ಗೋಡೋ' ನಾಟಕದ ಲಕ್ಕಿಯ ಪಾತ್ರವನ್ನು ವಹಿಸಿದನು. ಬಹುಹೊತ್ತು ಮೂಕನಂತಿದ್ದು ಒಮ್ಮೆಲೆ ಮಾತಿನ ಪ್ರವಾಹವನ್ನು ಹರಿಸುವ ಆ ಪಾತ್ರವು ಉಗ್ಗುತ್ತಿದ್ದ ಹುಡುಗನ ಪಾಲಿಗೆ ಬಂದುದು ಎಂಥ ಸೋಜಿಗ! 1973ರ ಜೇಮ್ಸ್ ಬಾಂಡ್ ಚಿತ್ರದ ಬ್ಯಾರನ್ ಸಮೇಡಿಯ ವೇಷವು ಆತನನ್ನು ಲೋಕಪ್ರಸಿದ್ಧನನ್ನಾಗಿ ಮಾಡಿತು. 1975ರಲ್ಲಿ 'ದಿ ವಿಜ್' ನಾಟಕದ ನಿರ್ದೇಶನಕ್ಕೂ ಉಡುಪುಗಳ ರಚನೆಗೂ ಎರಡು ಟೋನಿ ಪಾರಿತೋಷಕಗಳು ಸಂದವು. ಉಡುಪನ್ನು ಆತನು ಚಿತ್ರಕಾರನ ಕಣ್ಣಿನಿಂದಲೇ ಕಲ್ಪಿಸುತ್ತಿದ್ದನು.

1982ರ 'ಆ್ಯನಿ' ಚಲಚ್ಚಿತ್ರದಲ್ಲಿ ಆತನು 'ಪಂಜಾಬ್' ಎಂಬ ಹೆಸರಿನ, ರುಮಾಲು ಸುತ್ತಿದ, ಮಂತ್ರವಿದ್ಯೆ ಬಲ್ಲ ಸೇವಕನಾದನು. ಇಂಡಿಯದವನೆಂದರೆ ಮಾಂತ್ರಿಕನೆಂಬ ಈ ಪಾಶ್ಚಾತ್ಯ ಕಲ್ಪನೆಯು ನಮಗೆ ರುಚಿಸಲಾರದು. ಆದರೆ ಇದಕ್ಕೆ ಎಂಟು ವರ್ಷ ಮೊದಲೇ, 1974ರಲ್ಲಿ, ಹಾರ್ಲೆಮಿನ ನೃತ್ಯಸಂಘಕ್ಕಾಗಿ ಆತನು 'ಡಗ್ಲಾ' ಎಂಬ ನೃತ್ಯವನ್ನು ರಚಿಸಿದ್ದನು. ಆಫ್ರಿಕದ ಮತ್ತು ಇಂಡಿಯದ ರಕ್ತ ಬೆರೆತು ಹುಟ್ಟಿದವರನ್ನು ಟ್ರಿನಿಡಾಡಿನಲ್ಲಿ ಹೀಗೆ ಕರೆಯುತ್ತಾರೆ. ಹಿಂದುಸ್ತಾನಿಯ 'ದೋಗಲಾ' ಎಂಬ ಬೈಗುಳವೇ ಅದರ ಮೂಲ. ಆ ಬೈಗುಳವನ್ನೆತ್ತಿ ಆತನು ಮದುವೆಯ ಸಡಗರದ ನೃತ್ಯಕ್ಕೆ ಹೆಸರಾಗಿಟ್ಟನು. ನನ್ನ ಎಣಿಕೆಯಲ್ಲಿ ಇದು ಬಾಂಡನ ಚಿತ್ರಕ್ಕಿಂತ ಹಿರಿದು.

ಅಣ್ಣ ಬಾಸ್ಕೋನು 1970ರಲ್ಲಿ ಟ್ರಿನಿಡಾಡಿಗೆ ಹಿಂದಿರುಗಿ, ಚಿತ್ರಗಳನ್ನು ಬರೆಯುತ್ತ, 2007ರಲ್ಲಿ ತೀರಿಕೊಂಡನು. ತಮ್ಮನು ನ್ಯೂಯಾರ್ಕಿನಲ್ಲಿಯೇ ನೆಲೆಸಿದನು; ಅಲ್ಲಿಯೇ 2014ರ ಅಕ್ಟೋಬರ್ 5ರಂದು, ತನ್ನ 84ನೆಯ ವಯಸ್ಸಿನಲ್ಲಿ, ಕಾಲವಶನಾದನು.