ಮೂರು ಪೆಡಲು, ಎರಡು ಕಾಲು

ಏರಿನಲ್ಲಿ ನಿಂತ ಕಾರನ್ನು ಮತ್ತೆ ಹೊರಡಿಸಲು ಒಟ್ಟೊಟ್ಟಿಗೆ ಮೂರು ಪೆಡಲುಗಳು ಬೇಕು. ಚಾಲಕನಿಗೆ ಕಾಲಿರುವುದು ಎರಡೇ. ಎಡಗಾಲು ಕ್ಲಚ್ಚಿನ ಮೇಲೆ, ಬಲಗಾಲು ಬ್ರೇಕಿನ ಮೇಲೆ. ಬಲಗಾಲು ಬ್ರೇಕು ಬಿಟ್ಟು ಆಕ್ಸಿಲರೇಟರಿಗೆ ಹೋಗುವಷ್ಟರಲ್ಲಿ ಗಾಡಿ ಹಿಂದಕ್ಕೆ ಜಾರಿರುತ್ತದೆ. ಈ ನಡುವಿನ ಗಳಿಗೆಯಲ್ಲಿ ಬ್ರೇಕನ್ನು ತಾನೇ ಹಿಡಿದಿಟ್ಟುಕೊಳ್ಳುವ ‘ಹಿಲ್ ಹೋಲ್ಡ್’ ಅಥವಾ ‘ಹಿಲ್ ಸ್ಟಾರ್ಟ್ ಅಸಿಸ್ಟ್’ ಈಗ ಗೇರಿನ ಕಾರುಗಳಲ್ಲೂ ಇದೆ. ಶೋರೂಮಿನಲ್ಲಿ ಅದನ್ನು ಹೊಸ ಎಲೆಕ್ಟ್ರಾನಿಕ್ ಸೌಲಭ್ಯವೆಂದು ತೋರಿಸುತ್ತಾರೆ. ಆದರೆ ಈ ಉಪಕರಣ ಮೊದಲು ಕಾರಿಗೆ ಬಂದದ್ದು 1936ರಲ್ಲಿ, ಎಲೆಕ್ಟ್ರಾನಿಕ್ಸ್‌ನ ನೆರವೇ ಇಲ್ಲದೆ.

ತೊಂದರೆಯಂತೂ ಕಾರಿಗಿಂತ ಹಳೆಯದು. ಇಂಗ್ಲೆಂಡಿನ ಕುದುರೆ ಬಂಡಿಗಳಲ್ಲಿ ಹಿಂಗಾಲಿಯ ಬೆನ್ನಿಗೆ ಸರಪಳಿಯಲ್ಲಿ ಒಂದು ಪುಟ್ಟ ಉರುಳೆ ಕಟ್ಟಿರುತ್ತಿದ್ದರು. ಗುಡ್ಡ ಹತ್ತುವಾಗ ಅದು ಗಾಲಿಯ ಹಿಂದೆಯೇ ಉರುಳಿಕೊಂಡು ಬರುತ್ತಿತ್ತು. ಕುದುರೆಗಳು ದಣಿದು ನಿಂತರೆ ಗಾಲಿ ಆ ಉರುಳೆಗೆ ಒರಗಿ ನಿಲ್ಲುತ್ತಿತ್ತು. ಮೊದಮೊದಲ ಮೋಟಾರು ಗಾಡಿಗಳೂ ಇದೇ ದಾರಿ ಹಿಡಿದವು. ಗಾಡಿಯ ಅಡಿಯಲ್ಲಿ ಒಂದು ಚೂಪಾದ ಕಬ್ಬಿಣದ ಸಲಾಕೆ ತೂಗುಬಿಟ್ಟಿರುತ್ತಿತ್ತು. ಏರು ಬಂತೆಂದರೆ ಅದನ್ನು ಕೆಳಗಿಳಿಸಬೇಕು. ಗಾಡಿ ಹಿಂದೆ ಸರಿದರೆ ಅದರ ಮೊನೆ ನೆಲಕ್ಕೆ ನಾಟಿಕೊಳ್ಳುತ್ತಿತ್ತು. ಅಂದಿನ ಬ್ರೇಕುಗಳು ಗಾಡಿ ಹಿಂದಕ್ಕೆ ಉರುಳುವಾಗ ಸರಿಯಾಗಿ ಹಿಡಿಯುತ್ತಿರಲಿಲ್ಲವಾದ್ದರಿಂದ ಆ ಸಲಾಕೆಯೇ ಆಸರೆ.

ನಮ್ಮ ಘಾಟಿಗಳಲ್ಲಿ ಈ ಕೆಲಸ ಲಾರಿಯ ಕ್ಲೀನರನ ಪಾಲಿಗೆ ಬಂತು. ಲೋಡು ಹೊತ್ತ ಲಾರಿ ಏರಿನಲ್ಲಿ ನಿಂತರೆ ಅವನು ಹಾರಿ ಇಳಿದು ಹಿಂಚಕ್ರಕ್ಕೆ ಕಲ್ಲು ಕೊಡಬೇಕು. ಲಾರಿ ಹೊರಟ ಮೇಲೆ ಆ ಕಲ್ಲನ್ನು ರಸ್ತೆಯಲ್ಲೇ ಬಿಟ್ಟು ಹೋಗುವ ಕೆಟ್ಟ ರೂಢಿಯಿಂದ ರಾತ್ರಿ ಬರುವ ಬೈಕ್ ಸವಾರರಿಗೆ ಇವತ್ತಿಗೂ ಅಪಾಯ ತಪ್ಪಿಲ್ಲ.

ಬ್ರೇಕು ಸುಧಾರಿಸಿದ ಮೇಲೆ ಕೆಲಸ ಕೈಗೆ ಬಂತು: ಹ್ಯಾಂಡ್‌ಬ್ರೇಕ್ ಎಳೆದಿಟ್ಟು, ಹಾಫ್ ಕ್ಲಚ್‌ನಲ್ಲಿ ಎಂಜಿನ್ ಗಾಡಿಯನ್ನು ಎಳೆಯತೊಡಗಿದಾಗ ಹ್ಯಾಂಡ್‌ಬ್ರೇಕ್ ಇಳಿಸುವುದು. ಬ್ರಿಟನ್ನಿನಲ್ಲಿ 1935ರಲ್ಲಿ ಚಾಲನಾ ಪರೀಕ್ಷೆ ಕಡ್ಡಾಯವಾದಾಗ ಏರಿನಲ್ಲಿ ಹೊರಡುವುದೂ ಅದರ ಭಾಗವಾಗಿತ್ತು. ಭಾರತದ 1989ರ ಕೇಂದ್ರ ಮೋಟಾರು ವಾಹನ ನಿಯಮಗಳೂ ಕಡಿದಾದ ಏರಿನಲ್ಲಿ ಗಾಡಿ ನಿಲ್ಲಿಸಿ, ಹಿಂದಕ್ಕೆ ಜಾರದಂತೆ ಮತ್ತೆ ಹೊರಡಿಸಿ ತೋರಿಸಬೇಕೆಂದು ಹೇಳುತ್ತವೆ.

ಚಾಲಕನ ಕೈಗೆ ಬಿಟ್ಟಿದ್ದ ಈ ಕೆಲಸವನ್ನು ಯಂತ್ರಕ್ಕೆ ವಹಿಸಿದ್ದು ಅಮೆರಿಕ. ಇಂಡಿಯಾನಾ ರಾಜ್ಯದ ಸೌತ್ ಬೆಂಡ್ ಊರಿನಲ್ಲಿ ಸ್ಟುಡ್‌ಬೇಕರ್ ಸೋದರರು 1852ರಲ್ಲಿ ಕಮ್ಮಾರಸಾಲೆ ತೆರೆದರು. ಬಂಡಿ ಕಟ್ಟುತ್ತ ಬೆಳೆದ ಅವರ ಸಂಸ್ಥೆ ಮುಂದೆ ಕಾರು ತಯಾರಿಗೆ ಇಳಿಯಿತು. ಬಂಡಿಯ ಕಾಲದಿಂದ ಬಂದ ಆ ಸಂಸ್ಥೆಯ 1936ರ ‘ಪ್ರೆಸಿಡೆಂಟ್’ ಕಾರಿನಲ್ಲೇ ‘ಹಿಲ್ ಹೋಲ್ಡರ್’ ಮೊದಲು ಕಾಣಿಸಿಕೊಂಡಿತು. ಅದನ್ನು ರೂಪಿಸಿದ್ದು ವ್ಯಾಗ್ನರ್ ಎಲೆಕ್ಟ್ರಿಕ್, ತಯಾರಿಸಿದ್ದು ಸೌತ್ ಬೆಂಡಿನದೇ ಆದ ಬೆಂಡಿಕ್ಸ್.

ಅದರೊಳಗಿದ್ದದ್ದು ಒಂದು ಉಕ್ಕಿನ ಗುಂಡು. ಬ್ರೇಕ್ ಆಯಿಲ್ ಹರಿಯುವ ದಾರಿಯಲ್ಲಿ ಒಂದು ಪುಟ್ಟ ಕವಾಟ, ಅದರ ಒಳಗೆ ಈ ಗುಂಡು. ಕಾರಿನ ಮೂತಿ ಮೇಲಾದರೆ ಗುಂಡು ತನ್ನ ಭಾರದಿಂದಲೇ ಹಿಂದಕ್ಕೆ ಉರುಳಿ ಕಿಂಡಿಯ ಬಾಯಿಗೆ ಕೂರುತ್ತದೆ. ಚಾಲಕ ಕ್ಲಚ್ ಒತ್ತಿ ಬ್ರೇಕ್ ಒತ್ತಿ ನಿಂತ ಮೇಲೆ ಬ್ರೇಕಿನಿಂದ ಕಾಲು ತೆಗೆದರೂ ಆಯಿಲ್ ಹಿಂದಿರುಗಲಾರದು. ಚಕ್ರಗಳು ಬಿಗಿಯಾಗಿಯೇ ಇರುತ್ತವೆ. ಕ್ಲಚ್ ಬಿಡುತ್ತ ಬಂದಂತೆ ಅದಕ್ಕೆ ಜೋಡಿಸಿದ ಕಡ್ಡಿ ಗುಂಡನ್ನು ಜಾಗದಿಂದ ತಳ್ಳುತ್ತದೆ, ಬ್ರೇಕು ಸಡಿಲುತ್ತದೆ, ಅದೇ ಹೊತ್ತಿಗೆ ಎಂಜಿನ್ನಿನ ಎಳೆತ ಚಕ್ರಕ್ಕೆ ತಲುಪಿರುತ್ತದೆ. ಸಮತಟ್ಟಿನಲ್ಲಿ, ಇಳಿಜಾರಿನಲ್ಲಿ ಗುಂಡು ಕಿಂಡಿಗೆ ಕೂರುವುದಿಲ್ಲ, ಹಾಗಾಗಿ ಬ್ರೇಕು ಎಂದಿನಂತೆಯೇ. ಏರು ಇದೆಯೆಂದು ತಿಳಿಯಲು ಭೂಮಿಯ ಸೆಳೆತವೊಂದೇ ಸಾಕಾಯಿತು. ಇಷ್ಟು ಕಡಿಮೆ ಸಾಮಾನಿನಲ್ಲಿ ಇಷ್ಟು ದೊಡ್ಡ ಕೆಲಸ ಮಾಡಿಸಿದ ಆ ಎಂಜಿನಿಯರುಗಳ ಜಾಣ್ಮೆ ನಿಜಕ್ಕೂ ದೊಡ್ಡದು. ಒಂದು ಎಚ್ಚರ ಮಾತ್ರ ಬೇಕಿತ್ತು: ಕಡ್ಡಿಯ ಹೊಂದಾಣಿಕೆ ತಪ್ಪಿದರೆ ಬ್ರೇಕು ಬೇಗ ಬಿಟ್ಟು ಕಾರು ಜಾರುತ್ತಿತ್ತು, ಇಲ್ಲವೇ ತಡವಾಗಿ ಬಿಟ್ಟು ಎಂಜಿನ್ ಹೆಣಗುತ್ತಿತ್ತು.

ಸ್ವಲ್ಪ ಕಾಲದಲ್ಲೇ ಬೇರೆ ಕಂಪನಿಗಳೂ ಇದನ್ನು ಅಳವಡಿಸಿಕೊಂಡವು. ಅಮೆರಿಕದಲ್ಲಿ ಆಟೋಮ್ಯಾಟಿಕ್ ಗೇರುಗಳು ಹೆಚ್ಚಿದಂತೆ ಇದರ ಅಗತ್ಯವೇ ಕಡಿಮೆಯಾಯಿತು. 1966ರಲ್ಲಿ ಸ್ಟುಡ್‌ಬೇಕರ್ ಕಾರು ತಯಾರಿಕೆಯೂ ನಿಂತಿತು. ಆದರೆ 1980ರ ದಶಕದಲ್ಲಿ ಜಪಾನಿನ ಸುಬಾರು ತನ್ನ ಗೇರಿನ ಕಾರುಗಳಿಗೆ, ಕ್ಲಚ್ ಪೆಡಲಿನಿಂದ ಕೇಬಲ್ ಎಳೆದು, ಇದೇ ಉಪಾಯವನ್ನು ಮತ್ತೆ ತಂದಿತು.

ಇಂದಿನ ರೂಪ ಹುಟ್ಟಿದ್ದು ಬೇರೊಂದು ಉಪಕರಣದ ಬೆನ್ನಲ್ಲಿ. ಕಾರು ಅಡ್ಡ ಜಾರದಂತೆ ತಡೆಯುವ ಇಎಸ್‌ಪಿಯನ್ನು ಬಾಷ್ ಮತ್ತು ಮರ್ಸಿಡಿಸ್ 1995ರಲ್ಲಿ ಎಸ್-ಕ್ಲಾಸ್ ಕಾರಿಗೆ ತಂದವು. ಚಾಲಕ ಒತ್ತದೆಯೂ ಬ್ರೇಕಿನ ಒತ್ತಡವನ್ನು ಏರಿಸಿ ಇಳಿಸಬಲ್ಲ ಕವಾಟಗಳು ಅದರಲ್ಲಿದ್ದವು. ಅಮೆರಿಕದಲ್ಲಿ 2012ರ ಮಾದರಿಗಳಿಂದ, ಯುರೋಪಿನಲ್ಲಿ 2014ರ ನವೆಂಬರಿನಿಂದ ಎಲ್ಲ ಹೊಸ ಕಾರುಗಳಿಗೂ ಈ ಬಗೆಯ ವ್ಯವಸ್ಥೆ ಕಡ್ಡಾಯವಾಯಿತು. ಇಷ್ಟು ಕಾರಿನಲ್ಲಿ ಕೂತ ಮೇಲೆ, ಓರೆ ಅಳೆಯುವ ಸೆನ್ಸರ್ ಮತ್ತು ಕೆಲವು ಸಾಲು ಸಾಫ್ಟ್‌ವೇರ್ ಸೇರಿದರೆ ಹಿಲ್ ಹೋಲ್ಡ್ ಬಹುಮಟ್ಟಿಗೆ ಸಿದ್ಧ. ದುಬಾರಿ ಕಾರಿನ ಸೌಲಭ್ಯ ಸಣ್ಣ ಕಾರಿಗೂ ಬಂದದ್ದು ಹೀಗೆ. ಹಳೆಯದು ಮೂತಿ ಮೇಲಿದ್ದಾಗ ಮಾತ್ರ ಹಿಡಿಯುತ್ತಿತ್ತು. ಹೊಸದು ರಿವರ್ಸ್‌ನಲ್ಲಿ ಏರು ಹತ್ತುವಾಗಲೂ ಹಿಡಿಯಬಲ್ಲದು.

ಆದರೆ ಒಂದು ವಿಷಯದಲ್ಲಿ ಹಳೆಯದೇ ಮೇಲು. ಗುಂಡಿನ ಕವಾಟ ಚಾಲಕನ ಎಡಗಾಲಿಗಾಗಿ ಕಾಯುತ್ತಿತ್ತು. ಅವನು ಕ್ಲಚ್ ಬಿಡುವವರೆಗೂ ಬ್ರೇಕು ಬಿಡುತ್ತಿರಲಿಲ್ಲ. ಇಂದಿನ ಬಹುತೇಕ ಕಾರುಗಳಲ್ಲಿ ಬ್ರೇಕಿನಿಂದ ಕಾಲು ತೆಗೆದ ಮೇಲೆ ಸುಮಾರು 2 ಸೆಕೆಂಡು ಮಾತ್ರ ಹಿಡಿತ. ಅಷ್ಟರಲ್ಲಿ ಹೊರಡದಿದ್ದರೆ ಕಾರು ಜಾರುತ್ತದೆ. ಹೊಸದಾಗಿ ಕಲಿಯುವವರು ಆ 2 ಸೆಕೆಂಡನ್ನು ನಂಬಿ ಹ್ಯಾಂಡ್‌ಬ್ರೇಕಿನ ಪಾಠ ಬಿಡಬಾರದು. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಹಿಂದೆ ಬಸ್ಸು ಒತ್ತಿ ನಿಂತಾಗ ಕೆಲಸಕ್ಕೆ ಬರುವುದು ಆ ಪಾಠ. ಅದನ್ನು ಮೊದಲು ಊರಿನ ಖಾಲಿ ಏರಿನಲ್ಲಿ ಕಲಿತುಕೊಳ್ಳಿ.