ಗುಳೆ ಸೀಮೆಯ ಹಿರಿಯರಿಗೆ ಸಂಘದ ಆಸರೆ

ಮಳೆ ಕೈಕೊಟ್ಟ ವರ್ಷ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಭಾಗದ ತಾಂಡಾಗಳಲ್ಲಿ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ದುಡಿಯುವವರು ಗೋವಾ, ಮಂಗಳೂರು, ಬೆಂಗಳೂರಿನ ಕಡೆ ಗುಳೆ ಹೋಗುತ್ತಾರೆ. ದನಕರು, ಮೊಮ್ಮಕ್ಕಳ ಜೊತೆ ಅಜ್ಜ-ಅಜ್ಜಿಯರು ಊರಲ್ಲೇ ಉಳಿಯುತ್ತಾರೆ. ಮಕ್ಕಳ ಬೆನ್ನು ಹತ್ತಿ ಹೋದ ಕೆಲವರು ಗೋವಾದ ಕೂಲಿಕಾರರ ವಸತಿಗಳಲ್ಲೇ ಮುಪ್ಪು ಕಳೆಯುತ್ತಾರೆ. ಇಬ್ಬರಿಗೂ ಸರ್ಕಾರದ ಯೋಜನೆಗಳಿವೆ. ಅವನ್ನು ಮನೆ ಬಾಗಿಲಿಗೆ ಮುಟ್ಟಿಸಬಲ್ಲ ಸಂಘಟನೆಗಳು ಮಾತ್ರ ಇನ್ನೂ ಗಟ್ಟಿಯಾಗಬೇಕಿವೆ.

ಸಂಘ ಕಟ್ಟುವುದು ಈ ನೆಲಕ್ಕೆ ಹೊಸದಲ್ಲ. 1904ರ ಸಹಕಾರಿ ಕಾಯ್ದೆ ಬಂದ ಮರುವರ್ಷವೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಪತ್ತಿನ ಸಂಘ ಕಟ್ಟಿದರು. ಸಾಲದ ಕೈಪುಸ್ತಕ, ಸದಸ್ಯರ ಸಭೆ, ಠರಾವು, ಲೆಕ್ಕ ತಪಾಸಣೆ: ಇವೆಲ್ಲ ಹಳ್ಳಿಯವರಿಗೆ ರೂಢಿಯಾದದ್ದು ಇಂಥ ಸಂಘಗಳಿಂದ. ಆ ಕಾಯ್ದೆ ಪತ್ತಿನ ವ್ಯವಹಾರಕ್ಕಷ್ಟೇ ಇದ್ದುದರಿಂದ ಮುಪ್ಪಿನ ಆರೈಕೆ ಮನೆಗೂ ಮಠಕ್ಕೂ ಬಿಟ್ಟ ಮಾತಾಯಿತು.

ಸೇವೆಯ ಇನ್ನೊಂದು ದಾರಿ ತೆರೆದದ್ದು ಗದುಗಿನ ವೀರೇಶ್ವರ ಪುಣ್ಯಾಶ್ರಮ. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು (1892–1944), ಅವರ ನಂತರ ಪುಟ್ಟರಾಜ ಗವಾಯಿಗಳು (1914–2010) ಅಂಧ, ಅನಾಥ ಮಕ್ಕಳಿಗೆ ಅನ್ನ, ಆಶ್ರಯ, ಸಂಗೀತ ವಿದ್ಯೆ ಕೊಟ್ಟರು. ನಾಟಕ ಕಂಪನಿಯ ದುಡಿಮೆ, ಭಕ್ತರ ಕಾಣಿಕೆ, ಊರೂರಿನ ತುಲಾಭಾರಗಳಿಂದ ಆಶ್ರಮ ನಡೆಯಿತು. ಕಣಗಿನಹಾಳ ಲೆಕ್ಕದ ಶಿಸ್ತು ಕಲಿಸಿತು, ಪುಣ್ಯಾಶ್ರಮ ಆರೈಕೆಯನ್ನು ಊರಿನ ಹೊಣೆಯಾಗಿಸಿತು. ಹಿರಿಯರ ಸೇವೆಗೆ ಎರಡೂ ಒಟ್ಟಿಗೆ ಬೇಕು.

ಸರ್ಕಾರದ ಹೆಜ್ಜೆಗಳು ತಡವಾಗಿಯಾದರೂ ಬಂದವು. 1995ರಲ್ಲಿ ರಾಷ್ಟ್ರೀಯ ವೃದ್ಧಾಪ್ಯ ಪಿಂಚಣಿ, 1999ರಲ್ಲಿ ಹಿರಿಯರ ರಾಷ್ಟ್ರೀಯ ನೀತಿ, 2007ರಲ್ಲಿ ರಾಜ್ಯದ ಸಂಧ್ಯಾ ಸುರಕ್ಷಾ. ಅದೇ 2007ರಲ್ಲಿ ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯ್ದೆಯೂ ಬಂತು. ಮಕ್ಕಳು ನೋಡಿಕೊಳ್ಳದಿದ್ದರೆ ಉಪವಿಭಾಗ ಮಟ್ಟದ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಅರ್ಜಿ ಹಾಕುವ ಶಕ್ತಿಯಿಲ್ಲದ ಹಿರಿಯರ ಪರವಾಗಿ, ಅವರ ಒಪ್ಪಿಗೆ ಪಡೆದು, ಸಂಸ್ಥೆಯೊಂದು ಮುಂದೆ ಬರಲು ಈ ಕಾಯ್ದೆಯ 5ನೇ ಕಲಂ ಅವಕಾಶ ಕೊಡುತ್ತದೆ.

ಆ ಅವಕಾಶ ಬಳಸಲು ಸಂಘದಲ್ಲಿ ಕಾಗದಪತ್ರ ಬಲ್ಲವರಿರಬೇಕು. ಬೆಟಗೇರಿಯ ಮಗ್ಗದಲ್ಲಿ ಜೀವ ಸವೆಸಿದ ಅಜ್ಜನ ಹೆಬ್ಬೆಟ್ಟನ್ನು ಯಂತ್ರ ಗುರುತಿಸದೆ ಹೋಗಬಹುದು. ಆಧಾರ್‌ನಲ್ಲಿ ಒಂದು ವಯಸ್ಸು, ಮತದಾರರ ಚೀಟಿಯಲ್ಲಿ ಇನ್ನೊಂದು ಇದ್ದರೆ ಅರ್ಜಿ ನಾಡಕಚೇರಿಯಿಂದಲೇ ವಾಪಸಾಗುತ್ತದೆ. ತಾಂಡಾದ ಅಜ್ಜಿಗೆ ಲಂಬಾಣಿ ಮಾತಿನಲ್ಲಿ ವಿಷಯ ತಿಳಿಸುವವರು ಬೇಕು. ಗೋವಾದಲ್ಲಿ ನೆಲೆಸಿದವರ ಪಾಡು ಇನ್ನೂ ಬಿಗಿ. ಅಲ್ಲಿನ ದಯಾನಂದ ಸಾಮಾಜಿಕ ಭದ್ರತಾ ಯೋಜನೆಗೆ 15 ವರ್ಷ ಅಲ್ಲೇ ವಾಸವಿದ್ದ ದಾಖಲೆ ತೋರಿಸಬೇಕು. ಬಾಡಿಗೆ ಖೋಲಿಯಿಂದ ಖೋಲಿಗೆ ಅಲೆದವರು ಅದನ್ನು ಎಲ್ಲಿಂದ ತಂದಾರು?

ಅಮೆರಿಕದ ಅನುಭವ ಇಲ್ಲಿ ಪಾಠವಾಗಬಲ್ಲದು. 1975ರ ನಂತರ ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾಗಳಿಂದ ಅಲ್ಲಿಗೆ ಹೋದ ನಿರಾಶ್ರಿತರು ತಮ್ಮದೇ ಪರಸ್ಪರ ಸಹಾಯ ಸಂಘಗಳನ್ನು ಕಟ್ಟಿಕೊಂಡರು. ಅವರ ಪರ ದನಿಯೆತ್ತಲು 1979ರಲ್ಲಿ ರಾಷ್ಟ್ರಮಟ್ಟದ ಸಂಸ್ಥೆಯೂ ಹುಟ್ಟಿತು. 1996ರ ಕಾಯ್ದೆ ಪೌರತ್ವವಿಲ್ಲದ ವೃದ್ಧರ ನೆರವಿಗೆ ಕತ್ತರಿ ಹಾಕಿದಾಗ ಸಂಘಗಳು ಪೌರತ್ವದ ಪಾಠ ಹೇಳಿದವು, ಅಧಿಕಾರಸ್ಥರ ಮುಂದೆ ಅಹವಾಲು ಇಟ್ಟವು. 2000ರಲ್ಲಿ ಲಾವೋಸ್‌ನಿಂದ ಬಂದ ಹ್ಮಾಂಗ್ ಸಮುದಾಯದ ಹಳೆಯ ಯೋಧರಿಗೆ ಪೌರತ್ವದ ಇಂಗ್ಲಿಷ್ ಪರೀಕ್ಷೆಯಿಂದ ವಿನಾಯಿತಿ ಸಿಕ್ಕಿತು.

ಗದಗ ಸೀಮೆಯಲ್ಲಿ ಬುನಾದಿಯಂತೂ ಇದೆ. 2000–01ರಲ್ಲಿ ಶುರುವಾದ ಸ್ತ್ರೀಶಕ್ತಿ ಯೋಜನೆಯಿಂದ ಹಳ್ಳಿಗಳಲ್ಲಿ ಮಹಿಳಾ ಸಂಘಗಳು ನೆಲೆಯೂರಿವೆ. ಯಾರ ಮನೆಯಲ್ಲಿ ಯಾರು ಒಂಟಿ ಎಂಬುದು ಆ ಹೆಣ್ಣುಮಕ್ಕಳಿಗೆ ಗೊತ್ತು. 2016ರಲ್ಲಿ ಸ್ಥಾಪನೆಯಾದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಗದಗದಲ್ಲೇ ಇದೆ. ಕಾರ್ಯಕರ್ತೆಯರಿಗೆ ಅಲ್ಲಿ ತರಬೇತಿ ಕೊಡಬಹುದು. ಹೋಬಳಿಗೊಬ್ಬ ಪಗಾರದ ಕಾರ್ಯಕರ್ತೆ, ಗುಳೆ ಹೋಗುವ ಮುಂಚೆಯೇ ಪಂಚಾಯಿತಿಯಲ್ಲಿ ಒಂಟಿ ಹಿರಿಯರ ಪಟ್ಟಿ, ಗೋವಾದ ಕನ್ನಡ ಸಂಘಟನೆಗಳೊಂದಿಗೆ ಕಾಗದಪತ್ರದ ಕೊಂಡಿ: ಈ ಮೂರನ್ನು ಮುಂಡರಗಿ, ಶಿರಹಟ್ಟಿಯ ಕೆಲವು ಪಂಚಾಯಿತಿಗಳಲ್ಲಿ ಮೊದಲು ನಡೆಸಿ ನೋಡಬೇಕು. ದೇಣಿಗೆಯಿಂದ ಕಟ್ಟಡ ಏಳುತ್ತದೆ, ಆದರೆ ಕಾರ್ಯಕರ್ತೆಯ ಪಗಾರಕ್ಕೆ ವರ್ಷ ವರ್ಷವೂ ಹಣ ಬೇಕು. ಜಿಲ್ಲೆಯ ಯೋಜನಾ ಪಟ್ಟಿಯಲ್ಲಿ ಅದಕ್ಕೆ ಪ್ರತ್ಯೇಕ ಬಾಬು ಇರಲೇಬೇಕು.