ಮಾತಿನ ಜರಡಿ

ಮಾತು ಹೆಚ್ಚಾದಲ್ಲಿ ಕೇಳುವವನಿಗೆ ಎರಡು ಕಷ್ಟಗಳುಂಟು. ಬೇಡವಾದುದು ಕಿವಿಗೆ ಬೀಳುವುದು ಒಂದು. ಬೇಕಾದುದು ತಪ್ಪಿಹೋಗುವುದು ಇನ್ನೊಂದು. ಜಾತ್ರೆಯ ಗದ್ದಲದಲ್ಲಿ ನಿಂತವನು ನೂರು ಮಾತುಗಳಿಗೆ ಕಿವುಡನಾಗಿರುತ್ತಾನೆ. ಯಾರಾದರೂ ಅವನ ಹೆಸರು ಹಿಡಿದು ಕೂಗಿದರೆ ಥಟ್ಟನೆ ತಿರುಗಿ ನೋಡುತ್ತಾನೆ. ಇಂಗ್ಲೆಂಡಿನ ವಿದ್ವಾಂಸರಾದ ಕಾಲಿನ್ ಚೆರಿಯವರು ಎರಡು ಕಿವಿಗಳಿಗೆ ಎರಡು ಬೇರೆ ಮಾತುಗಳನ್ನು ಕೇಳಿಸಿ ನೋಡಿ, ಗಮನವಿಲ್ಲದ ಕಿವಿಗೆ ಬಿದ್ದ ಮಾತಿನ ಅರ್ಥ ಮನಸ್ಸಿಗೆ ಹತ್ತುವುದು ಬಹಳ ಕಡಮೆಯೆಂದು 1953ರಲ್ಲಿ ತೋರಿಸಿಕೊಟ್ಟರು. 1959ರಲ್ಲಿ ನೆವಿಲ್ ಮೊರೆಯವರು ನಡೆಸಿದ ಪರೀಕ್ಷೆಯಲ್ಲಿ, ಅದೇ ಕಿವಿಗೆ ಬಿದ್ದ ತಮ್ಮ ಹೆಸರನ್ನು ಸುಮಾರು ಮೂವರಲ್ಲೊಬ್ಬರು ಗುರುತಿಸಿದರು.

ಕಿವಿಯು ತಾನಾಗಿ ಮಾಡುವ ಈ ಕೆಲಸವನ್ನು ಯಂತ್ರಕ್ಕೆ ಕಲಿಸಬೇಕಾಗಿ ಬಂದುದು, ಜನರು ಕಂಪ್ಯೂಟರಿನ ಮೂಲಕ ಮಾತನಾಡತೊಡಗಿದ ಮೇಲೆ. ಅಮೆರಿಕದಲ್ಲಿ ‘ಯೂಸ್‌ನೆಟ್’ ಎಂಬ ಚರ್ಚಾಜಾಲದ ಬರಹಗಳನ್ನು ಓದಲು ಲ್ಯಾರಿ ವಾಲ್ ಅವರು 1984ರಲ್ಲಿ ರಚಿಸಿದ ‘ಆರ್‌ಎನ್’ ಎಂಬ ಕ್ರಮವಿಧಿಯಲ್ಲಿ ‘ಕಿಲ್ ಫೈಲ್’ ಎಂಬ ಪಟ್ಟಿಯಿತ್ತು. ಬೇಡವಾದ ವಿಷಯವನ್ನು ಅದರಲ್ಲಿ ಬರೆದಿಟ್ಟರೆ ಅಂಥ ಬರಹಗಳು ಕಣ್ಣಿಗೆ ಬೀಳುತ್ತಿರಲಿಲ್ಲ. ಹೆಸರು ಘೋರವಾದರೂ ಅದು ಕೊಲ್ಲುತ್ತಿದ್ದುದು ಬೇಸರವನ್ನು ಮಾತ್ರ.

ಅದು ಬಿಡುವಾಗಿ ಓದುವ ಬರಹದ ಮಾತಾಯಿತು. ಹರಿಯುವ ಹರಟೆಯ ಕಷ್ಟ ಬೇರೆ. 1988ರ ಆಗಸ್ಟಿನಲ್ಲಿ ಫಿನ್ಲೆಂಡಿನ ಔಲು ವಿಶ್ವವಿದ್ಯಾನಿಲಯದಲ್ಲಿ ಯಾರ್ಕ್ಕೊ ಓಯ್ಕರಿನೆನ್ ಎಂಬವರು ‘ಇಂಟರ್ನೆಟ್ ರಿಲೇ ಚಾಟ್’ ಎಂಬ ವ್ಯವಸ್ಥೆಯನ್ನು ಕಟ್ಟಿದರು. ಇದರಲ್ಲಿ ಒಂದು ‘ಚಾನೆಲ್’ ಸೇರಿದವರೆಲ್ಲ ಒಂದೇ ಜಗಲಿಯ ಮೇಲೆ ಕುಳಿತಂತೆ. ಒಬ್ಬನು ಬರೆದ ಸಾಲು ಕೂಡಲೆ ಎಲ್ಲರ ಪರದೆಯ ಮೇಲೆ ಮೂಡುತ್ತದೆ, ಹೊಸ ಸಾಲು ಬಂದಂತೆ ಮೇಲಕ್ಕೆ ಸರಿದು ಮರೆಯಾಗುತ್ತದೆ. 1991ರ ಆಗಸ್ಟಿನಲ್ಲಿ ಮಾಸ್ಕೋದಲ್ಲಿ ಕ್ಷಿಪ್ರಕ್ರಾಂತಿಯ ಯತ್ನ ನಡೆದಾಗ ಅಲ್ಲಿನ ಸುದ್ದಿ ಈ ದಾರಿಯಿಂದಲೂ ಹೊರಗೆ ಹರಿಯಿತು. ಅಂಥ ಪ್ರವಾಹದಲ್ಲಿ ಕಾಳಾವುದು, ಹೊಟ್ಟಾವುದು?

ಓಯ್ಕರಿನೆನ್ ಮತ್ತು ಡ್ಯಾರೆನ್ ರೀಡ್ ಅವರು 1993ರ ಮೇ ತಿಂಗಳಲ್ಲಿ ಪ್ರಕಟಿಸಿದ ನಿಯಮಾವಳಿಯು ಒಂದು ಸಂದೇಶಕ್ಕೆ 512 ಅಕ್ಷರಗಳ, ಅಡ್ಡಹೆಸರಿಗೆ 9 ಅಕ್ಷರಗಳ ಮಿತಿಯನ್ನು ಹಾಕಿತು. ಚಾನೆಲ್ಲಿನ ಮೇಲ್ವಿಚಾರಕನು ಬೇಡವಾದವನನ್ನು ಹೊರಕ್ಕೆ ಹಾಕಬಹುದಾಗಿತ್ತು. ಆದರೆ ಒಳಗಿರುವವರಲ್ಲಿ ಯಾರ ಮಾತನ್ನು ಓದಬೇಕು, ಯಾರದನ್ನು ಬಿಡಬೇಕು ಎಂಬ ನಿರ್ಣಯ ಹೆಚ್ಚಾಗಿ ನಡೆದುದು ಓದುಗನ ಕಂಪ್ಯೂಟರಿನಲ್ಲೇ. ‘ಇಗ್ನೋರ್’ ಎಂದು ಬರೆದು ಒಂದು ಹೆಸರನ್ನು ಸೇರಿಸಿದರೆ ಆತನ ಮಾತು ಬರುವುದು ನಿಲ್ಲುತ್ತದೆ. ಹೊರಗೆ ಹಾಕುವುದು ಊರಿಗೆಲ್ಲ ಕಾಣುವ ಬಹಿಷ್ಕಾರ. ಇದು ನಮ್ಮ ಮನೆಯ ಬಾಗಿಲನ್ನು ನಾವು ಮುಚ್ಚಿಕೊಂಡಂತೆ. ಮಾತನಾಡಿದವನ ಬಾಯಿ ಕಟ್ಟಿದಂತಾಗಲಿಲ್ಲ, ನಮ್ಮ ನೆಮ್ಮದಿಯೂ ಕೆಡಲಿಲ್ಲ.

1999ರಲ್ಲಿ ಫಿನ್ಲೆಂಡಿನವರೇ ಆದ ಟಿಮೊ ಸಿರೈನೆನ್ ಹೊರತಂದ ‘ಇರ್ಸ್ಸಿ’ ಎಂಬ ಕ್ರಮವಿಧಿಯಲ್ಲಿ ಈ ಜರಡಿ ಬಹು ನಯವಾಯಿತು. ಒಬ್ಬನನ್ನು ದೂರವಿಟ್ಟರೂ ಅವನಿಗೆ ಇತರರು ಕೊಡುವ ಉತ್ತರಗಳು ಕಾಣುತ್ತಲೇ ಇರುತ್ತವೆ. ಟೆಲಿಫೋನಿನಲ್ಲಿ ಮಾತನಾಡುವವನ ಪಕ್ಕದಲ್ಲಿ ಕುಳಿತ ಫಜೀತಿ ಅದು. ಆ ಉತ್ತರಗಳನ್ನೂ ತಡೆಯಲು ಇಲ್ಲಿ ಅವಕಾಶವುಂಟು. ಇಷ್ಟು ಹೊತ್ತು ಮಾತ್ರ ಎಂದು ಮುನಿಸಿಗೆ ಅವಧಿಯನ್ನು ಗೊತ್ತುಮಾಡುವುದೂ ಸಾಧ್ಯ! ಇನ್ನೊಂದು ಆಜ್ಞೆ ‘ಹೈಲೈಟ್’. ನಮ್ಮ ಹೆಸರೋ ನಮಗೆ ಬೇಕಾದ ಪದವೋ ಬಂದೊಡನೆ ಅದು ಬಣ್ಣದಲ್ಲಿ ಬೆಳಗುತ್ತದೆ. ಮೊರೆಯವರು ಕಿವಿಯಲ್ಲಿ ಕಂಡುದನ್ನು ಪರದೆಗೆ ಕಲಿಸಿದಂತಾಯಿತು.

ಆದರೆ ಯಂತ್ರ ಗುರುತಿಸುವುದು ಅಕ್ಷರಗಳ ಸಾಲನ್ನು, ಹೆಸರನ್ನಲ್ಲ. ಭಾಷೆಯ ವಿದ್ಯಾರ್ಥಿಗೆ ಇದು ಸ್ವಾರಸ್ಯದ ಸಂಗತಿ. ಕನ್ನಡದಲ್ಲಿ ಹರಟುವ ರಾಮ ಎಂಬವನು ‘ರಾಮ’ ಎಂಬ ಇಡೀ ಪದ ಬಂದಾಗ ಮಾತ್ರ ಎಚ್ಚರಿಸೆಂದು ಹೇಳಿದರೆ, ‘ರಾಮನಿಗೆ ಹೇಳಿ’ ಎಂದವನ ಮಾತು ಕತ್ತಲೆಯಲ್ಲೇ ಉಳಿಯುತ್ತದೆ. ವಿಭಕ್ತಿ ಪ್ರತ್ಯಯವು ಹೆಸರನ್ನು ಮರೆಮಾಡಿತು. ಆ ಮೂರು ಚಿಹ್ನೆಗಳು ಎಲ್ಲಿ ಬಂದರೂ ಸರಿ ಎಂದರೆ, ರಾಮಾಯಣವೂ ಬೆಳಗುತ್ತದೆ, ಅಲ್ಪವಿರಾಮವೂ ಬೆಳಗುತ್ತದೆ! ಈ ಹರಟೆ ಹುಟ್ಟಿದ ಫಿನ್ನಿಷ್ ನಾಡಿಗೂ ಇದೇ ತೊಡಕು. ಅಲ್ಲಿಯೂ ನಾಮಪದಕ್ಕೆ ಪ್ರತ್ಯಯ ಹತ್ತುತ್ತದೆ. ‘ಯಾರ್ಕ್ಕೊ’ ಎಂಬವನಿಗೆ ಎನ್ನಬೇಕಾದರೆ ‘ಯಾರ್ಕೊಲ್ಲೆ’ ಎನ್ನುತ್ತಾರೆ. ಇಮ್ಮಡಿ ಕಕಾರವು ಒಂಟಿಯಾಗಿ, ಹೆಸರಿನ ರೂಪವೇ ಮಾರ್ಪಡುತ್ತದೆ. ಕೂಗಿದುದು ತನ್ನನ್ನೇ ಎಂದು ಅರಿಯಲು ಮನುಷ್ಯನಿಗೆ ವ್ಯಾಕರಣ ಬೇಡ, ಯಂತ್ರಕ್ಕೆ ಬೇಕು.

ಇಷ್ಟೆಲ್ಲ ಕೊರತೆಗಳಿದ್ದರೂ ಆ ಹಳೆಯ ಜರಡಿಯ ಒಂದು ಗುಣವನ್ನು ಮರೆಯಲಾಗದು: ಅದನ್ನು ಹಿಡಿದವನು ಓದುಗನೇ. ಪಟ್ಟಿಯನ್ನು ತನ್ನ ಕೈಯಿಂದ ಬರೆದವನಿಗೆ ತಾನು ಯಾರ ಮಾತನ್ನು ಕೇಳುತ್ತಿಲ್ಲವೆಂಬುದು ಗೊತ್ತಿರುತ್ತದೆ. ಮನಸ್ಸು ಬದಲಾದರೆ ಒಂದು ಸಾಲನ್ನು ಅಳಿಸಿದರಾಯಿತು. ವಾಟ್ಸಾಪ್ ಗುಂಪಿನ ಸದ್ದನ್ನು ಅಡಗಿಸುವವರೂ ಹೆಸರಿನ ಹಿಂದೆ ಗುರುತನ್ನಿಟ್ಟು ಕರೆಯುವವರೂ ಇಂದಿಗೂ ಆ ಪರಂಪರೆಯವರೇ. ಆದರೆ ಇಂದಿನ ಹಲವು ಸಾಮಾಜಿಕ ಜಾಲಗಳಲ್ಲಿ ಯಾವುದು ಮೊದಲು, ಯಾವುದು ಹಿಂದೆ ಎಂಬುದನ್ನು ಒಡೆಯರ ಲೆಕ್ಕಾಚಾರವೇ ತೀರ್ಮಾನಿಸುತ್ತದೆ. ಅಲ್ಲಿ ನಮಗೆ ಕಾಣುವುದು ಜರಡಿಯಿಂದ ಇಳಿದ ಹಿಟ್ಟು ಮಾತ್ರ. ಮೇಲೆ ಉಳಿದುದು ತೌಡೋ, ಗಟ್ಟಿಕಾಳೋ ನಾವರಿಯೆವು. ಗದ್ದಲದಿಂದ ಪಾರಾಗಬೇಕೆಂಬ ಆಸೆ ಸಹಜವೇ. ಆದರೆ ಬಾಗಿಲನ್ನು ಮುಚ್ಚುವವರು ನಾವೇ ಆಗಿದ್ದರೆ, ಹೊರಗೆ ಯಾರು ನಿಂತಿದ್ದಾರೆಂಬ ನೆನಪಾದರೂ ನಮ್ಮಲ್ಲಿ ಉಳಿದೀತು.